ಆರು ಬೆರಳಿನವರ ಮೂಲ

ನಮ್ಮ ಮನೆಯ ಬಾಗಿಲ ಹಿಂದೆ ಒಂದು ಬೆತ್ತದ ಬುಟ್ಟಿ ಇದೆ. ಚಳಿಗಾಲದ ಟೋಪಿ, ಮಫ್ಲರು, ಕೈಗವಸುಗಳೆಲ್ಲ ಅದರೊಳಗೆ ಬಿದ್ದಿರುತ್ತವೆ. ಪ್ರತಿವರ್ಷ ಬಿಸಿಲು ಸ್ವಲ್ಪ ಮುಖ ತೋರಿಸಿದ ಕೂಡಲೇ ನನ್ನ ಹೆಂಡತಿ ವೀಣಾ ಬುಟ್ಟಿಯನ್ನು ನೆಲಕ್ಕೆ ಸುರಿದು, ಜೋಡಿ ಇರುವವು ಮತ್ತು ಜೋಡಿ ಕಳೆದುಕೊಂಡವು ಎಂದು ಎರಡು ಗುಂಪು ಮಾಡುತ್ತಾಳೆ. ಈ ವರ್ಷ ಯಾವ ಗುಂಪಿಗೂ ಸೇರದ ಒಂದು ಸಿಕ್ಕಿತು. ಬೂದಿ ಕಲಸಿದ ಹಸಿರಿನ ರಬ್ಬರ್ ಕೈಗವಸು, ಅದಕ್ಕೆ ಆರು ಬೆರಳು. ಆರನೆಯ ಬೆರಳಿಗೆ ತುಂಬಿದ್ದ ಹತ್ತಿ ಬುಡಕ್ಕೆ ಜಾರಿ, ಬೆರಳು ಜೋತುಬಿದ್ದಿತ್ತು.

"ರೀ, ಇದು ಗ್ಲೌವಾ, ಬಾಡಿರೋ ಬೆಂಡೆಕಾಯಾ? ಬಿಸಾಕ್ಲಾ?"

"ಬೇಡ ಬೇಡ, ಇರಲಿ."

"ಯಾವ ಕೈಗೆ ಹಾಕ್ಕೋತೀರಾ ಇದನ್ನ?"

ಅದು ಯಾರು ಕೊಟ್ಟದ್ದೆಂದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೇಳುವುದು ಮೈಸೂರಿನವರ ಪದ್ಧತಿ. ನಾನು ಉಡುಪಿ ಕಡೆಯವನು. ಉತ್ತರ ಗೊತ್ತಿದ್ದರೂ ಸುತ್ತಿ ಬಳಸಿ ಹೇಳುವುದು ನಮ್ಮ ಪದ್ಧತಿ. ಡಚ್ಚರ ನಾಡಿನ ಈ ವೆಲ್ಡ್‌ಹೋವನ್‌ನಲ್ಲಿ ಹನ್ನೆರಡು ವರ್ಷ ಸೈಕಲ್ ತುಳಿದ ಮೇಲೂ ನಾನು ಆಫೀಸಿಗೆ ಸುತ್ತುದಾರಿಯಲ್ಲೇ ಹೋಗುತ್ತೇನೆ ಎಂಬುದು ಅವಳ ಹಳೆಯ ದೂರು. ಆದ್ದರಿಂದ ನೀವೂ ಸ್ವಲ್ಪ ಸೈರಿಸಿಕೊಳ್ಳಬೇಕು.

ಈ ಕೈಗವಸು 'ಏಳನೇ ಕಕ್ಷೆ' ಎಂಬ ಟಿವಿ ಧಾರಾವಾಹಿಯ ತೋರಾಕರದು. ನೀವು ನೋಡಿರಲಿಕ್ಕಿಲ್ಲ. ನೋಡಿದವರು ಭೂಲೋಕದಲ್ಲಿ ಕೆಲವೇ ಮಂದಿ, ಆ ಕೆಲವರೂ ನಮ್ಮೊಳಗೆ ಜಗಳವಾಡಿಕೊಂಡಿದ್ದೇವೆ. ಒಂದು ಆಕಾಶನೌಕೆ, ಅದರಲ್ಲೊಬ್ಬ ಕ್ಯಾಪ್ಟನ್. ನೌಕೆ ಹೋದಲ್ಲೆಲ್ಲ ಅನ್ಯಲೋಕದವರು ಸಿಗುತ್ತಾರೆ, ಸಿಕ್ಕವರಿಗೆಲ್ಲ ಇಂಗ್ಲಿಷ್ ಬರುತ್ತದೆ. ತೋರಾಕರು ಅಂಥ ಒಂದು ಕುಲ. ಹಸಿರು ಮೈ, ಮುಖದಲ್ಲಿ ಸದಾ ಸೂತಕದ ಕಳೆ, ಕೈಗೆ ಆರಾರು ಬೆರಳು.

ನಾನು ಅವರನ್ನು ಮೊದಲು ಕಂಡದ್ದು ಪುರುಷೋತ್ತಮ ಮಾವನ ಮನೆಯಲ್ಲಿ. ಮಾವ ಎಂದರೆ ಅಮ್ಮನ ಅಣ್ಣ, ಸಹಕಾರಿ ಸಂಘದಲ್ಲಿ ಗುಮಾಸ್ತರು. ಬೀದಿಗೆಲ್ಲ ಅವರದೊಂದೇ ಟಿವಿ. ಭಾನುವಾರ ಬೆಳಿಗ್ಗೆ ಧಾರಾವಾಹಿ ಶುರುವಾಗುವ ಹೊತ್ತಿಗೆ ನಾವು ಮಕ್ಕಳೆಲ್ಲ ಚಾಪೆ ಹಿಡಿದು ಹಾಜರಾಗುತ್ತಿದ್ದೆವು. ಹಿಂದೆ ಗೋಡೆಗೊರಗಿ ಅಜ್ಜಿ ಹೂ ಕಟ್ಟುತ್ತಾ ಕೂರುತ್ತಿದ್ದರು. ಇಂಗ್ಲಿಷ್ ಯಾರಿಗೂ ಬರುತ್ತಿರಲಿಲ್ಲ, ಮಾವನಿಗೂ ಬರುತ್ತಿರಲಿಲ್ಲ. ಆದರೆ ತನಗೆ ಬರುವುದಿಲ್ಲ ಎಂಬುದು ಮಾವನಿಗೆ ಗೊತ್ತಿರಲಿಲ್ಲ, ಹಾಗಾಗಿ ನಮಗೂ ಗೊತ್ತಾಗಲಿಲ್ಲ.

"ಇವರು ಎಲ್ಲಿಯವರು?" ಎಂದು ಅಜ್ಜಿ ಕೇಳಿದರು. ಹೊಸಬರನ್ನು ಕಂಡರೆ ಅವರ ಮೊದಲ ಪ್ರಶ್ನೆ ಅದು. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

"ಸಮುದ್ರದ ಒಳಗಿನವರು," ಎಂದರು ಮಾವ. "ಈಜಲಿಕ್ಕೆ ಒಂದು ಬೆರಳು ಹೆಚ್ಚು. ಯಾರೋ ಓಡಿಸಿದ್ದಾರೆ. ಈಗ ನೀರು ಹುಡುಕಿಕೊಂಡು ಹೊರಟದ್ದು."

"ಪಾಪ. ಹೆಂಗಸರು ಮಕ್ಕಳೆಲ್ಲ ಎಲ್ಲಿ?"

"ಹಿಂದಿನ ಹಡಗಿನಲ್ಲಿ ಉಂಟು."

ಅಜ್ಜಿಗೆ ಸಮಾಧಾನವಾಯಿತು. ಒಂದು ಕಂತಿನಲ್ಲಿ ತೋರಾಕರ ಯಜಮಾನ ಕ್ಯಾಪ್ಟನ್ನನ ಮುಂದೆ ನಿಂತು ಬಹಳ ಹೊತ್ತು ಮಾತಾಡಿದ. ಅವನ ಕಣ್ಣು ತೇವವಾಯಿತು. ಮಾವ ದನಿ ತಗ್ಗಿಸಿ, "ಊರಿನ ನೆನಪಾಯಿತು ಅವನಿಗೆ. ಬಾವಿಕಟ್ಟೆಯ ವಿಷಯ ಹೇಳ್ತಾ ಇದ್ದಾನೆ," ಎಂದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನು ಚಾಪೆಯಲ್ಲಿ ಮುಖ ಹುದುಗಿಸಿ ಅತ್ತೆ. ಎಷ್ಟೋ ವರ್ಷಗಳ ಮೇಲೆ ಅದೇ ಕಂತನ್ನು ಅಡಿಬರಹದ ಸಮೇತ ನೋಡಿದಾಗ ತಿಳಿಯಿತು: ತನ್ನ ನೌಕೆಯ ಎಣ್ಣೆ ಸೋರುತ್ತಿದೆ, ಹೇಳಿ ಕಳಿಸಿದರೂ ರಿಪೇರಿಗೆ ಯಾರೂ ಬರುತ್ತಿಲ್ಲ ಎಂದು ಅವನು ದೂರುತ್ತಿದ್ದ. ಕಣ್ಣೀರು ರಬ್ಬರ್ ಮುಖವಾಡದ ಸೆಕೆಗೆ ಬಂದದ್ದಿರಬೇಕು.

ಇನ್ನು ವೆಲ್ಡ್‌ಹೋವನ್‌ಗೆ ಬರೋಣ. ಇಲ್ಲಿನವರು ಬೀದಿಯ ಕಡೆಯ ದೊಡ್ಡ ಕಿಟಕಿಗೆ ಪರದೆ ಎಳೆಯುವುದಿಲ್ಲ. ಒಳಗೆ ಸೋಫಾ, ದೀಪ, ಊಟದ ಮೇಜು ಎಲ್ಲವೂ ಬೀದಿಗೇ ಕಾಣುತ್ತದೆ. ಆದರೆ ನೋಡಬಾರದು ಎಂಬುದು ನಿಯಮ. ನಮ್ಮ ಕಡೆಯವರಿಂದ ಆಗುವ ಮಾತೇ ಇದು? ನಾನಂತೂ ಮೊದಲ ವಾರದಲ್ಲೇ ಬೀದಿಯ ಎಲ್ಲ ಮನೆಗಳ ಕಿಟಕಿಕಟ್ಟೆಗಳನ್ನು ಬಾಯಿಪಾಠ ಮಾಡಿಕೊಂಡೆ. ಕಟ್ಟೆಯ ಮೇಲೆ ಜೋಡಿ ಜೋಡಿಯಾಗಿ ವಸ್ತುಗಳನ್ನಿಡುತ್ತಾರೆ. ಒಂದು ಮನೆಯಲ್ಲಿ ಎರಡು ಹೂದಾನಿ, ಇನ್ನೊಂದರಲ್ಲಿ ಎರಡು ಆರ್ಕಿಡ್, ಮತ್ತೊಂದರಲ್ಲಿ ಎರಡು ಪಿಂಗಾಣಿ ನಾಯಿ. ಬೀದಿಯ ಕೊನೆಯ ಮನೆಯಲ್ಲಿ ಇಬ್ಬರು ತೋರಾಕರು.

ಮೊಣಕಾಲೆತ್ತರದ ಬೊಂಬೆಗಳು, ಆರು ಬೆರಳಿನವು. ನಾನು ಸೈಕಲ್ಲಿಗೆ ತರಕಾರಿ ಚೀಲ ನೇತುಹಾಕಿಕೊಂಡು ಹಾಗೆಯೇ ನಿಂತುಬಿಟ್ಟೆ. ಬಾಗಿಲು ತೆರೆದು ತೆಂಗಿನಮರದ ಹಾಗೆ ಉದ್ದವಾದ ಒಬ್ಬ ಮನುಷ್ಯ ಹೊರಬಂದು, "ಏನಾದರೂ ಬೇಕಿತ್ತೇ?" ಎಂದ. ಪೊಲೀಸರಿಗೆ ಫೋನು ಮಾಡುವ ಮುಂಚಿನ ವಿನಯ ಅದು. ತೋರಾಕರು ನಮಸ್ಕರಿಸುವ ಹಾಗೆ ಕಿರುಬೆರಳನ್ನು ಕಿವಿಗೆ ತಾಗಿಸಿ ತಲೆ ಬಾಗಿಸಿದೆ. ಅವನು ಕ್ಷಣಹೊತ್ತು ನನ್ನನ್ನೇ ನೋಡಿ, ತಾನೂ ಕಿರುಬೆರಳನ್ನು ಕಿವಿಗೆ ತಾಗಿಸಿದ. "ಒಳಗೆ ಬಾ," ಎಂದ.

ಅವನೇ ಹೆಂಕ್. ಟೆಕ್ನಿಕಲ್ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. 'ಒಳಗೆ ಬಾ' ಎಂಬ ಮಾತಿನ ಬೆಲೆ ಈ ದೇಶದಲ್ಲಿ ಇದ್ದವರಿಗೆ ಗೊತ್ತು. ಇಲ್ಲಿ ಒಂದು ಕಾಫಿ ಕುಡಿಯಬೇಕಾದರೆ ಮೂರು ವಾರ ಮುಂಚೆ ಡೈರಿ ತೆಗೆದು ದಿನ ಗೊತ್ತುಮಾಡಬೇಕು. ಹೆಂಕ್‌ನ ಮನೆಗೆ ಮಾತ್ರ ನಾನು ಹೇಳದೆ ಕೇಳದೆ ಹೋಗುತ್ತಿದ್ದೆ. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕುವುದು ಇಲ್ಲಿನ ರೂಢಿ. ಹೆಂಕ್ ನನಗೆ ಡಬ್ಬಿಯನ್ನು ತೆರೆದೇ ಇಡುತ್ತಿದ್ದ. ಈ ದೇಶದಲ್ಲಿ ನನಗೆ ಸಹೋದ್ಯೋಗಿಗಳಿದ್ದಾರೆ, ಕನ್ನಡ ಸಂಘದವರಿದ್ದಾರೆ, ದೀಪಾವಳಿಗೆ ಸಿಗುವ ಬೆಂಗಳೂರಿನವರಿದ್ದಾರೆ. ಗೆಳೆಯ ಎಂದು ಒಬ್ಬನೇ ಇದ್ದದ್ದು.

ನಮ್ಮ ಮಾತು ಅರ್ಧ ಇಂಗ್ಲಿಷು, ಅರ್ಧ ಡಚ್ಚು. ಮೊದಲ ದಿನವೇ ನಾನು ಬಾವಿಕಟ್ಟೆಯ ಕಂತಿನ ಕಥೆ ಹೇಳಿದೆ. ಹೆಂಕ್ ಬೆರಗಾದ. ಅವನು ಎಲ್ಲ ಕಂತುಗಳನ್ನೂ ನೋಡಿದವನು, ಇಂಥದೊಂದನ್ನು ಕಂಡಿರಲಿಲ್ಲ. ಭಾರತದಲ್ಲಿ ಬೇರೆಯೇ ಕಂತು ಪ್ರಸಾರವಾಗಿರಬೇಕೆಂದು ತೀರ್ಮಾನಿಸಿ, ಎಲ್ಲೆಲ್ಲಿಯ ಸಂಗ್ರಾಹಕರಿಗೋ ಪತ್ರ ಬರೆದ. ಕೊನೆಗೆ, ಆ ಕಂತನ್ನು ರಚಿಸಿದವರು ಸಹಕಾರಿ ಸಂಘದ ಗುಮಾಸ್ತರು ಎಂದು ನಾನೇ ಬಾಯಿಬಿಡಬೇಕಾಯಿತು. ಹೆಂಕ್ ಕಣ್ಣಲ್ಲಿ ನೀರು ಬರುವ ತನಕ ನಕ್ಕ. ತನ್ನ ಬಳಿಯಿದ್ದ ಜೋಡಿ ಕೈಗವಸಿನಲ್ಲಿ ಒಂದನ್ನು ಅಂದೇ ನನಗೆ ಕೊಟ್ಟ.

ಇಂಥ ಕಥೆಗಳಲ್ಲಿ ಯಾವುದು ಅಧಿಕೃತ, ಯಾವುದು ಅಲ್ಲ ಎಂಬುದಕ್ಕೆ ಅಭಿಮಾನಿಗಳಲ್ಲಿ ದೊಡ್ಡ ಶಾಸ್ತ್ರವೇ ಇದೆ, 'ಕ್ಯಾನನ್' ಎನ್ನುತ್ತಾರೆ. ನಾನು ಅದನ್ನು ನಮ್ಮ ಲೆಕ್ಕದಲ್ಲಿ ಅರ್ಥಮಾಡಿಕೊಂಡೆ. ಪರದೆಯ ಮೇಲೆ ಕಂಡದ್ದು ಶ್ರುತಿ. ಕಾದಂಬರಿ, ಕಾಮಿಕ್ಸುಗಳು ಸ್ಮೃತಿ. ಪುರುಷೋತ್ತಮ ಮಾವ ಹೇಳಿದ್ದು ಪುರಾಣ. ಹೆಂಕ್ ಈ ವಿಂಗಡಣೆಯನ್ನು ಒಪ್ಪಿ, ಮೂರನ್ನೂ ಗೌರವಿಸುತ್ತಾ ಬಂದ. ಎರಡು ತಿಂಗಳಿಗೊಮ್ಮೆ ಅವನ ಕಾರಿನಲ್ಲಿ ಕಾಪೆಲ್ಲೆ ಆನ್ ಡೆನ್ ಐಸೆಲ್ ಎಂಬ ಊರಿಗೆ ಹೋಗುತ್ತಿದ್ದೆವು. ಅಲ್ಲಿನ ಬಡಾವಣೆಯ ಸಮುದಾಯ ಭವನದ ಒಂದು ಕೋಣೆಯಲ್ಲಿ ನಮ್ಮ ಅಭಿಮಾನಿ ಸಂಘದ ಸಭೆ. ಏಳೆಂಟು ಜನ, ಎಲ್ಲರಿಗೂ ಮೊಣಕಾಲು ನೋವು. ಪಕ್ಕದ ಕೋಣೆಯಲ್ಲಿ ಇಸ್ಪೀಟಾಡುವ ಅಜ್ಜಿಯರು ನಮ್ಮಿಂದ ಗದ್ದಲ ಎಂದು ಆಗಾಗ ಗೋಡೆ ಬಡಿಯುತ್ತಿದ್ದರು.

ಹೀಗೆ ಸುಖವಾಗಿದ್ದಾಗ ಧಾರಾವಾಹಿಯನ್ನು ಹೊಸದಾಗಿ ತೆಗೆದರು. ತೋರಾಕರು ಮರಳಿ ಬಂದರು. ಐದು ಬೆರಳಿನೊಂದಿಗೆ ಬಂದರು.

ಕಾರಣ ಎಲ್ಲರಿಗೂ ಗೊತ್ತು. ಆರು ಬೆರಳಿನ ಕೈಗವಸು ಹಾಕಿಕೊಂಡು ನಟರಿಗೆ ಒಂದು ಲೋಟ ಎತ್ತಲು ಆಗುತ್ತಿರಲಿಲ್ಲ. ಆದರೆ ಆ ಮಾತನ್ನು ಸಂಘದಲ್ಲಿ ಯಾರೂ ಎತ್ತುವ ಹಾಗಿಲ್ಲ. ಯಕ್ಷಗಾನದಲ್ಲಿ ರಾವಣನ ಪ್ರವೇಶವಾಗುವಾಗ ಪಕ್ಕದಲ್ಲಿ ಕೂತವನು 'ಇವ ನಮ್ಮ ಪೋಸ್ಟ್‌ಮ್ಯಾನ್' ಎಂದರೆ ಮೈ ಉರಿಯುವುದಿಲ್ಲವೇ, ಅದೇ ರೀತಿ. ಕಥೆಯೊಳಗೇ ಕಾರಣ ಬೇಕು. ಧಾರಾವಾಹಿಯವರೂ ಅದನ್ನು ಕೊಟ್ಟರು: ಬಹಳ ಹಿಂದೆ ಭೂಮಿಯಿಂದ ಹೊರಟು ದಾರಿತಪ್ಪಿದ ಒಂದು ನೌಕೆಯ ಮನುಷ್ಯರೇ ತೋರಾಕರಾದರು, ಆರನೆಯ ಬೆರಳು ಯಾವುದೋ ನಕ್ಷತ್ರದ ಬೆಳಕಿಗೆ ಆಮೇಲೆ ಬೆಳೆದದ್ದು, ಈಗ ಬಂದವರು ಬೆರಳು ಬೆಳೆಯದ ಕವಲಿನವರು. ಅಂದರೆ ಐದು ಮೊದಲು, ಆರು ಆಮೇಲೆ.

"ಪರದೆಯ ಮೇಲೆ ತೋರಿಸಿಯಾಯಿತು," ಎಂದ ಹೆಂಕ್. "ಇನ್ನು ಅದು ಕ್ಯಾನನ್."

"ಅಂದರೆ ಅವರೂ ಮನುಷ್ಯರೇ?"

"ಮೂಲದಲ್ಲಿ ಹೌದು."

"ಅಷ್ಟು ದೊಡ್ಡ ಆಕಾಶದಲ್ಲಿ ಬೇರೆ ಯಾರಿಗೂ ಸ್ವಂತ ಊರು ಇರಬಾರದೇ? ಎಲ್ಲರೂ ನಿಮ್ಮಿಂದಲೇ ಹುಟ್ಟಬೇಕೇ?"

"ನಮ್ಮಿಂದ ಎಂದರೆ? ನೀನೂ ಭೂಮಿಯವನೇ," ಎಂದ ಹೆಂಕ್. "ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುವುದಕ್ಕೆ ಏನಿದೆ ಇದರಲ್ಲಿ?"

ಐದು ಮೊದಲು ಎಂದು ಒಪ್ಪಿದರೆ ಸಮುದ್ರ ಹೋಗುತ್ತದೆ, ಬಾವಿಕಟ್ಟೆ ಹೋಗುತ್ತದೆ, ಪುರುಷೋತ್ತಮ ಮಾವ ಸುಳ್ಳುಗಾರರಾಗುತ್ತಾರೆ. ಮಾವ ತೀರಿಕೊಂಡು ವರ್ಷಗಳಾದವು. ಬಿಟ್ಟುಹೋದದ್ದರಲ್ಲಿ ನನ್ನ ಪಾಲಿಗೆ ಬಂದ ಆಸ್ತಿ ಇದೊಂದೇ. ಇದನ್ನೆಲ್ಲ ಡಚ್ಚಿನಲ್ಲಿ ಹೇಳುವಷ್ಟು ನನ್ನ ಡಚ್ಚು ಬೆಳೆದಿಲ್ಲ. ಹಾಗಾಗಿ ಮುಂದಿನ ಸಭೆಯಲ್ಲಿ ನೋಡಿಕೊಳ್ಳೋಣ ಎಂದೆ. ಸಂಘದಲ್ಲಿ ಮತಕ್ಕೆ ಹಾಕುವ ಪದ್ಧತಿಯಿಲ್ಲ. ಎಲ್ಲರೂ ಒಪ್ಪುವವರೆಗೆ ಮಾತಾಡುತ್ತಲೇ ಇರುತ್ತಾರೆ. ಐದರ ಪರವಾಗಿ ಹೆಂಕ್, ಆರರ ಪರವಾಗಿ ನಾನು ಎಂದು ನಿಶ್ಚಯವಾಯಿತು.

ಈಗ ನಮ್ಮ ಕರಾವಳಿಯ ಒಂದು ವಿಷಯ ಹೇಳಬೇಕು. ಋಷಿಮೂಲ, ನದೀಮೂಲ ಕೇಳಬಾರದು ಎನ್ನುತ್ತಾರೆ. ನಾಗಮೂಲವನ್ನು ಮಾತ್ರ ಕೇಳದೆ ಬಿಡುವುದಿಲ್ಲ. ಒಂದೊಂದು ಮನೆತನಕ್ಕೂ ಎಲ್ಲೋ ಒಂದು ಮೂಲ ನಾಗಬನ ಇರುತ್ತದೆ. ಮನೆಯಲ್ಲಿ ಮದುವೆ ಕೂಡಿಬರದಿದ್ದರೆ, ಅಣ್ಣತಮ್ಮಂದಿರ ಮಾತು ನಿಂತುಹೋದರೆ, ಮೂಲಕ್ಕೆ ನಡೆದುಕೊಂಡಿಲ್ಲ ಎಂದು ಅರ್ಥ. ಮೂಲ ಎಲ್ಲಿ ಎಂದು ಮರೆತುಹೋಗಿದ್ದರೆ ಜೋಯಿಸರು ಕವಡೆ ಹಾಕಿ ಹೇಳುತ್ತಾರೆ. ನಮ್ಮ ಮನೆತನಕ್ಕೆ ಜೋಯಿಸರು ಬದಲಾದ ಹಾಗೆಲ್ಲ ಮೂಲವೂ ಬದಲಾಗುತ್ತಿತ್ತು. ಪ್ರತಿಸಲವೂ ಒಂದು ವ್ಯಾನು ಮಾಡಿಕೊಂಡು, ಹಾಲು, ಸೀಯಾಳ, ಅರಿಶಿನ ಹಿಡಿದು, ದಾರಿಯುದ್ದಕ್ಕೂ ವಾಂತಿ ಮಾಡುವ ಮಕ್ಕಳನ್ನು ಕಿಟಕಿಯ ಬಳಿ ಕೂರಿಸಿಕೊಂಡು ಹೊಸ ಮೂಲಕ್ಕೆ ಹೋಗಿ ಕೈಮುಗಿದು ಬರುತ್ತಿದ್ದೆವು. ಕಿಟಕಿಯ ಬಳಿ ಕೂರುತ್ತಿದ್ದವನು ನಾನೇ.

ಹಗಲಿಡೀ ನಾನು ಮಾಡುವ ಕೆಲಸ ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣದನ್ನು ಅಳೆಯುವ ಯಂತ್ರದ್ದು. ಅಂಥ ನಾನು ಮಾಡಿದ್ದೇನೆಂದರೆ, ದೊಡ್ಡಮ್ಮನ ಮಗ ವಾಸಣ್ಣನಿಗೆ ವಿಡಿಯೊ ಕರೆ ಮಾಡಿದೆ. ವಾಸಣ್ಣ ಊರಿನಲ್ಲಿ ಜೋಯಿಸ.

"ವಾಸಣ್ಣ, ಒಂದು ಮನೆತನದ ಮೂಲ ನೋಡ್ಬೇಕಿತ್ತು."

"ಯಾರ ಮನೆತನ ಮಾರಾಯ?"

"ನನ್ನ ಪರಿಚಯದವರು. ಮೊದಲಿಗೆ ಎಲ್ಲಿದ್ರು ಅಂತ ಎರಡು ಅಭಿಪ್ರಾಯ ಉಂಟು."

"ಈಗ ಎಲ್ಲಿದ್ದಾರೆ?"

"ಸ್ವಲ್ಪ ದೂರ."

"ದುಬೈಯಾ?"

"ಅದಕ್ಕಿಂತ ಆಚೆ."

"ಹಾಗಾದ್ರೆ ಕೆನಡಾ," ಎಂದು ತಾನೇ ತೀರ್ಮಾನಿಸಿ ವಾಸಣ್ಣ ಕವಡೆ ಎಣಿಸತೊಡಗಿದ. ಎಣಿಸಿ, ಕಣ್ಣುಮುಚ್ಚಿ, ಮತ್ತೆ ಎಣಿಸಿ ಹೇಳಿದ: "ನೀರು ದಾಟಿ ಬಂದವರು. ಮೂಲದಲ್ಲಿ ನೀರೇ ಕಾಣ್ತದೆ. ಬಿಟ್ಟು ಬರುವಾಗ ಒಂದು ಹೆಣ್ಣಿನ ಕಣ್ಣೀರು ಬಿದ್ದಿದೆ. ಆಮೇಲೆ ಎರಡು ಕವಲಾಯ್ತು. ಒಂದು ಕವಲಿನವರು ಕುಲದ ಗುರುತನ್ನು ಬಿಟ್ಟಿದ್ದಾರೆ. ಬಿಟ್ಟದ್ದು ಎಂತ ಅಂತ ನಿನಗೆ ಗೊತ್ತುಂಟಾ?"

ಬೆರಳು ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ನನಗೆ ರೋಮಾಂಚನವಾಗಿತ್ತು.

"ಒಂದು ಆಶ್ಲೇಷಾ ಬಲಿ ಮಾಡಿಸ್ಲಿಕ್ಕೆ ಹೇಳು ಅವರಿಗೆ," ಎಂದ ವಾಸಣ್ಣ. ನಾಗನ ಮುನಿಸು ಇಳಿಸುವ ಪೂಜೆ ಅದು. "ಇಲ್ಲದಿದ್ರೆ ಒಟ್ಟಿಗೆ ಇದ್ದವರು ಬೇರೆ ಆಗ್ತಾರೆ."

ಕರಾವಳಿಯಲ್ಲಿ ನೀರು ದಾಟದ ಮನೆತನ ಯಾವುದಿದೆ, ಹೆಣ್ಣಿನ ಕಣ್ಣೀರು ಬೀಳದ ಮನೆ ಎಲ್ಲಿದೆ, ಈ ಮಾತು ಯಾರಿಗೆ ಒಪ್ಪುವುದಿಲ್ಲ ಎಂದು ಈಗ ಕೇಳಿಕೊಳ್ಳುತ್ತೇನೆ. ಅಂದು ಕೇಳಿಕೊಳ್ಳಲಿಲ್ಲ. ಕಾಪೆಲ್ಲೆಯ ಸಭೆಯಲ್ಲಿ ಹೆಂಕ್ ಮೊದಲು ಮಾತಾಡಿದ. ಪ್ರತಿ ಕಂತನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿ, ತೋರಾಕರ ಕೈ ಕಂಡ ಕಡೆಯಲ್ಲೆಲ್ಲ ಚಿತ್ರ ತೆಗೆದು ಗೋಡೆಯ ಮೇಲೆ ತೋರಿಸಿದ. ಎಲ್ಲರೂ ತಲೆದೂಗಿದರು. ಆಮೇಲೆ ನಾನೆದ್ದು, ನಮ್ಮ ಊರಿನ ಸಾವಿರಾರು ವರ್ಷಗಳ ಪದ್ಧತಿಯಿಂದ ಪರೀಕ್ಷಿಸಲಾಗಿ ಆರು ಬೆರಳೇ ಮೂಲವೆಂದು ಸಿದ್ಧವಾಗಿದೆ ಎಂದು ಘೋಷಿಸಿದೆ. ಪದ್ಧತಿ ಯಾವುದು ಎಂದು ಕೇಳಿದರು. ಕವಡೆ ಎಂದೆ. ಒಬ್ಬಾತ "ಇಂಟರೆಸ್ಸಾಂಟ್" ಎಂದ. ಇಲ್ಲಿನವರು ಹಾಗೆಂದರೆ ಮುಂದೆ ಮಾತಿಲ್ಲ ಎಂದು ಅರ್ಥ. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಹೆಂಕ್ ನಗಲಿಲ್ಲ. ಅವನು ಗೋಡೆಯ ಮೇಲಿನ ಚಿತ್ರವನ್ನು ಆಫ್ ಮಾಡಿ ಲ್ಯಾ‌ಪ್‌ಟಾಪ್ ಮುಚ್ಚಿದ.

ವಾಪಸು ಬರುವಾಗ ಕಾರಿನಲ್ಲಿ ಅವನು ಹೇಳಿದ. "ನಾನು ತಿಂಗಳುಗಟ್ಟಲೆ ಕೂತು ಕೆಲಸ ಮಾಡಿದೆ. ನೀನು ಚಿಪ್ಪುಗಳನ್ನು ಕೇಳಿದೆ."

"ಸಮುದ್ರದ ವಿಷಯವಾದ್ದರಿಂದ..." ಎಂದು ತಮಾಷೆ ಮಾಡಲು ಹೋದೆ.

"ಎಲ್ಲರ ಎದುರು ನನ್ನನ್ನು ಗೇಲಿ ಮಾಡಿದೆ," ಎಂದ.

ನಾನು ಗೇಲಿ ಮಾಡಿರಲಿಲ್ಲ. ಕವಡೆಯನ್ನು ನಾನು ನಿಜವಾಗಿ ನಂಬಿಬಿಟ್ಟಿದ್ದೆ. ಯಂತ್ರಗಳ ಮುಂದೆ ಕೂರುವ ಎಂಜಿನಿಯರು ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಗೇಲಿ ಮಾಡಿದವನೆನಿಸಿಕೊಳ್ಳುವುದೇ ಮೇಲು ಎಂದು ತೋರಿ ಸುಮ್ಮನಾದೆ. ಮನೆಯ ಮುಂದೆ ಇಳಿಸುವಾಗ ಹೆಂಕ್ ಶುಭರಾತ್ರಿ ಹೇಳಿದ. ಮರುದಿನ ಸೈಕಲ್ಲಿನಲ್ಲಿ ಹೋಗುವಾಗ ನೋಡುತ್ತೇನೆ, ಕಿಟಕಿಕಟ್ಟೆಯ ಇಬ್ಬರು ತೋರಾಕರೂ ಬೀದಿಗೆ ಬೆನ್ನು ತಿರುಗಿಸಿ ನಿಂತಿದ್ದರು.

ನಗುವ ವಿಷಯವೇ ಇದು, ನನಗೂ ಗೊತ್ತು. ಇಲ್ಲದ ಗ್ರಹದ ಇಲ್ಲದ ಜನರ ಇಲ್ಲದ ಬೆರಳಿಗಾಗಿ ಇಬ್ಬರು ನರೆತ ಗಂಡಸರು ಮಾತು ಬಿಟ್ಟರು. ಆದರೆ ನನಗೆ ನಗು ಬರುತ್ತಿರಲಿಲ್ಲ. ಆಫೀಸಿನಿಂದ ಬಂದು, ಊಟ ಮಾಡಿ, ಜಾಕೆಟ್ ಹಾಕಿಕೊಂಡು ಬಾಗಿಲ ತನಕ ಹೋಗಿ, ಹೋಗಲು ಜಾಗವಿಲ್ಲ ಎಂದು ನೆನಪಾಗಿ ಜಾಕೆಟ್ ಬಿಚ್ಚುತ್ತಿದ್ದೆ. ಹೀಗೆ ವಸಂತ ಕಳೆಯಿತು.

"ನಿಮ್ಮ ವಾಸಣ್ಣ ಹೇಳಿದ್ದು ಸರಿಯಾಯ್ತಲ್ಲಾ," ಎಂದಳು ವೀಣಾ. "ಒಟ್ಟಿಗೆ ಇದ್ದೋರು ಬೇರೆ ಆದ್ರಿ."

ವಾಸಣ್ಣನೂ ಬಿಡಲಿಲ್ಲ. ಕೆನಡಾದವರ ಬಲಿ ಏನಾಯಿತು ಎಂದು ವಾರವಾರ ವಿಚಾರಿಸುತ್ತಿದ್ದ. ಕೊನೆಗೆ ನಾನೇ ಮಾಡಿಸುತ್ತೇನೆ ಎಂದೆ. ನಂಬಿಕೆಯಿಂದ ಹೇಳಿದೆನೋ, ಬೇರೇನೂ ತೋಚದೆ ಹೇಳಿದೆನೋ ಗೊತ್ತಿಲ್ಲ. ಬಲಿ ನಡೆದ ದಿನ ವಾಸಣ್ಣನೇ ಕರೆ ಮಾಡಿ, ಎಲ್ಲವೂ ಚೆನ್ನಾಗಿ ಆಯಿತು ಎಂದ. ಅವನ ಸಂಭ್ರಮ ಕೇಳಿ ನನಗೆ ತಡೆಯಲಾಗಲಿಲ್ಲ.

"ವಾಸಣ್ಣ, ಅವರು ಟಿವಿಯವರು."

"ಟಿವಿಯಲ್ಲಿ ಕೆಲಸವಾ?"

"ಅಲ್ಲ. ಟಿವಿಯಲ್ಲಿ ಬರುವ ಕಥೆಯವರು. ಆಕಾಶದವರು. ನಿಜವಾಗಿ ಇಲ್ಲ."

ಆ ಕಡೆ ಪಂಚಾಂಗದ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ ವಾಸಣ್ಣ ಕೇಳಿದ: "ಅದಕ್ಕಾ ನೀನು ಗೋತ್ರ ಹೇಳದ್ದು?"

"ಹೌದು. ಸಂಕಲ್ಪಕ್ಕೆ ಎಂತ ಹೇಳಿದಿ ಮತ್ತೆ?"

"ಎಂತ ಹೇಳುದು? ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ. ಹಾಗೇ ಹೇಳಿ ಆಯ್ತು. ಇನ್ನು ವಾಪಸು ತೆಗೆಯಲಿಕ್ಕೆ ಆಗುದಿಲ್ಲ." ಫೋನು ಇಡುವ ಮೊದಲು, "ಎಷ್ಟು ಗಂಟೆಗೆ ಬರ್ತದೆ ಆ ಟಿವಿಯಲ್ಲಿ?" ಎಂದು ಕೇಳಿದ.

ಇದಾದ ಕೆಲವು ದಿನಕ್ಕೆ ಹೆಂಕ್‌ನ ಹೆಂಡತಿ ಯಾನೆಕೆ ಸೂಪರ್‌ಮಾರ್ಕೆಟ್ಟಿನಲ್ಲಿ ವೀಣಾಳಿಗೆ ಸಿಕ್ಕಳು. ಭಾನುವಾರ ಹೆಂಕ್‌ನ ಹುಟ್ಟುಹಬ್ಬ. ಅವನಾಗಿ ಕರೆಯುವುದಿಲ್ಲ, ಆದರೆ ನಿಮ್ಮಿಬ್ಬರಿಗೂ ಕುರ್ಚಿ ಹಾಕಿರುತ್ತೇನೆ ಎಂದಳಂತೆ. ವೀಣಾ ಅಲ್ಲೇ ನಿಂತು ಬಲಿಯ ಕಥೆಯನ್ನೆಲ್ಲ ಹೇಳಿ ಬಂದಿದ್ದಳು. ಹೆಂಕ್‌ನ ಹುಟ್ಟುಹಬ್ಬ ಬೇಸಿಗೆ ರಜೆಯ ನಡುವೆ ಬರುತ್ತದೆ. ಪ್ರತಿವರ್ಷ ಆ ಹೊತ್ತಿಗೆ ನಾವು ಊರಿನಲ್ಲಿರುತ್ತೇವೆ. ಆ ವರ್ಷ ಹೋಗಿರಲಿಲ್ಲ.

"ನಾನು ಬರೋದಿಲ್ಲ," ಎಂದೆ.

"ಹಾಗಾದ್ರೆ ನಾನೊಬ್ಳೇ ಹೋಗ್ತೀನಿ. ನಿಮ್ಮ ಕುರ್ಚಿ ಖಾಲಿ ಇರ್ಲಿ, ಎಲ್ರೂ ನೋಡ್ಲಿ," ಎಂದು ಅವಳು ಸೀರೆಯ ನೆರಿಗೆ ಹಿಡಿಯತೊಡಗಿದಳು. ಹೋದೆ.

ಯಾನೆಕೆ ಬಾಗಿಲು ತೆರೆದಳು. ನಡುಮನೆಯಲ್ಲಿ ಗೋಡೆಗೆ ಸುತ್ತಲೂ ಕುರ್ಚಿ ಹಾಕಿ, ನೆಂಟರೆಲ್ಲ ಶ್ರಾದ್ಧಕ್ಕೆ ಬಂದವರ ಹಾಗೆ ವೃತ್ತವಾಗಿ ಕೂತಿದ್ದರು. ಈ ದೇಶದಲ್ಲಿ ಹುಟ್ಟುಹಬ್ಬಕ್ಕೆ ಹೋದವರು ಹುಟ್ಟಿದವನಿಗೆ ಮಾತ್ರ ಶುಭ ಕೋರಿದರೆ ಸಾಲದು. ಒಬ್ಬೊಬ್ಬರ ಕೈಕುಲುಕಿ, ಇವನು ಹುಟ್ಟಿದ್ದಕ್ಕೆ ನಿಮಗೆ ಅಭಿನಂದನೆ ಎನ್ನಬೇಕು. ಹೆಂಡತಿಗೆ ನಿಮ್ಮ ಗಂಡನಿಗಾಗಿ, ಅಕ್ಕನಿಗೆ ನಿಮ್ಮ ತಮ್ಮನಿಗಾಗಿ, ಹೀಗೆ. ನಾವು ಒಂದು ತುದಿಯಿಂದ ಕೈಕುಲುಕುತ್ತಾ ಬಂದೆವು. ಹೆಂಕ್‌ನ ಸರದಿ ಬಂದಾಗ ನಾನು ಅವನ ಅಂಗಿಯ ಗುಂಡಿ ನೋಡುತ್ತಾ ಅಭಿನಂದನೆ ಎಂದೆ. ಅವನು ನನ್ನ ತಲೆಯ ಮೇಲಿನ ಗೋಡೆ ನೋಡುತ್ತಾ ಧನ್ಯವಾದ ಎಂದ. ನನ್ನ ಪಾಲಿಗೆ ಖಾಲಿ ಇದ್ದದ್ದು ಅವನ ಪಕ್ಕದ ಕುರ್ಚಿ. ಯಾನೆಕೆಯ ಏರ್ಪಾಡು ಅದು.

ಕೇಕು ಬಂತು, ಕಾಫಿ ಬಂತು. ಹೆಂಕ್ ಕಪ್ಪಿನೊಳಗೆ ಚಮಚ ತಿರುಗಿಸುತ್ತಲೇ ಇದ್ದ. ಕೊನೆಗೆ ಕಪ್ಪಿಗೆ ಹೇಳುವ ಹಾಗೆ ಕೇಳಿದ: "ತೋರಾಕರಿಗೆ ಪೂಜೆ ಮಾಡಿಸಿದೆಯಂತೆ."

"ಮಾಡಿಸಿದೆ."

"ನಿಜವಾಗಿ? ಪುರೋಹಿತರು, ಬೆಂಕಿ, ಎಲ್ಲ?"

"ಬೆಂಕಿ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಪುರೋಹಿತರು ಇದ್ದರು."

ಹೆಂಕ್ ಚಮಚ ಕೆಳಗಿಟ್ಟ. "ಹಾಗಾದರೆ ಅವತ್ತು ನೀನು ಗೇಲಿ ಮಾಡಿದ್ದಲ್ಲ."

"ಅಲ್ಲ ಹೆಂಕ್. ನನಗೆ ಗೆಲ್ಲಬೇಕಿತ್ತು. ಬೇರೆ ದಾರಿ ಗೊತ್ತಿರಲಿಲ್ಲ."

ಹೆಂಕ್ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. ಮೇಷ್ಟ್ರ ಸ್ವಭಾವ ಎಲ್ಲಿ ಹೋಗುತ್ತದೆ, ವಿವರ ಕೇಳತೊಡಗಿದ. ಯಾರ ಹೆಸರಿನಲ್ಲಿ ಮಾಡಿದರು, ವಿಳಾಸ ಏನು ಕೊಟ್ಟರು. ನಾನು ಗೋತ್ರದ ವಿಷಯ ಹೇಳಿದೆ. ಒಂದೊಂದು ಕುಲಕ್ಕೆ ಒಬ್ಬೊಬ್ಬ ಋಷಿ ಮೂಲಪುರುಷ. ಯಾರ ಮೂಲ ಗೊತ್ತಿಲ್ಲವೋ ಅವರೆಲ್ಲ ಕಶ್ಯಪ ಋಷಿಯ ಪಾಲಿಗೆ, ಏಕೆಂದರೆ ದೇವತೆಗಳು, ಹಾವುಗಳು, ಹಕ್ಕಿಗಳು, ಸಕಲ ಜೀವರಾಶಿಯೂ ಅವನ ಮಕ್ಕಳು ಎಂದು ವಿವರಿಸಿದೆ.

"ನಾನು ಪೂಜೆ ಮಾಡಿಸಿದರೆ ನನಗೆ ಯಾವ ಋಷಿ?"

"ನಿನಗೂ ಕಶ್ಯಪನೇ."

"ನಿನಗೆ?"

"ವಿಶ್ವಾಮಿತ್ರ."

ಹೆಂಕ್‌ನ ಮುಖ ನಿಧಾನವಾಗಿ ಅರಳಿತು. "ಅಂದರೆ ನಾನೂ ತೋರಾಕರೂ ಒಂದೇ ಮೂಲದವರು."

ನಾನು ಕೇಕಿನ ತಟ್ಟೆ ಕೆಳಗಿಟ್ಟೆ.

"ನಿಮ್ಮದೇ ಸಾವಿರಾರು ವರ್ಷಗಳ ಪದ್ಧತಿಯ ಪ್ರಕಾರ," ಎಂದ ಹೆಂಕ್. "ಅವರು ಮನುಷ್ಯರ ಮನೆತನ. ಐದು ಮೊದಲು." ತಿಂಗಳುಗಟ್ಟಲೆ ಕೂತು ತೆಗೆದ ಚಿತ್ರಗಳಿಂದ ಆಗದ ಕೆಲಸವನ್ನು ವಾಸಣ್ಣ ಒಂದು ಸಂಕಲ್ಪದಲ್ಲಿ ಮಾಡಿಕೊಟ್ಟಿದ್ದ. ನನ್ನ ಖರ್ಚಿನಲ್ಲಿ. ವೀಣಾ ಎದುರು ಕುರ್ಚಿಯಲ್ಲಿ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು.

"ಇಲ್ಲ," ಎಂದೆ. "ಪುರುಷೋತ್ತಮ ಮಾವ ಆರು ಎಂದಿದ್ದಾರೆ. ಆರೇ ಮೊದಲು."

"ತಪ್ಪು," ಎಂದ ಹೆಂಕ್ ಸಂತೋಷದಿಂದ.

ಅಷ್ಟರಲ್ಲಿ ಮಾಸ್ಟ್ರಿಕ್ಟ್‌ನಿಂದ ಹೆಂಕ್‌ನ ಅಣ್ಣ ಬಂದ. ರೈಲು ತಡವಾಯಿತೆಂದು ಗೊಣಗುತ್ತಾ ವೃತ್ತದ ಆ ತುದಿಯಿಂದ ಕೈಕುಲುಕುತ್ತಾ ಹೊರಟ. ಯಾನೆಕೆಗೆ ಗಂಡನ ಅಭಿನಂದನೆ, ಅಕ್ಕನಿಗೆ ತಮ್ಮನ ಅಭಿನಂದನೆ. ನನ್ನ ಮುಂದೆ ಬಂದವನು ಕೈ ಅರ್ಧ ಚಾಚಿ ನಿಂತುಬಿಟ್ಟ. ಏನೆಂದು ಅಭಿನಂದಿಸಬೇಕೋ ಅವನಿಗೆ ತಿಳಿಯಲಿಲ್ಲ.

"ಹೆಂಕ್ ನಿಮಗೆ ಏನಾಗಬೇಕು?" ಎಂದು ಕೇಳಿದ.

ನೆರೆಯವನು ಎನ್ನಲೇ, ಎದುರಾಳಿ ಎನ್ನಲೇ ಎಂದು ನಾನು ಡಚ್ ಪದ ಹುಡುಕುತ್ತಿದ್ದೆ. ಅದಕ್ಕೆ ಮೊದಲೇ ಹೆಂಕ್ ಹೇಳಿದ: "ಇವನು ತಪ್ಪು ಪಕ್ಷದವನು. ಆದರೆ ನಮ್ಮವನು."

ಅಣ್ಣ ಎಲ್ಲ ಅರ್ಥವಾದವನಂತೆ ತಲೆಯಾಡಿಸಿ, ನನ್ನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡ. "ಹಾಗಾದರೆ ನಿಮಗೂ ಅಭಿನಂದನೆಗಳು, ನಿಮ್ಮ ಹೆಂಕ್‌ಗಾಗಿ," ಎಂದ. ನಾನು ಎದ್ದು ನಿಂತೆ. "ನಿಮಗೂ," ಎಂದು ಹೇಗೋ ಹೇಳಿ ಕೂತೆ. ಕೂತ ಮೇಲೆ ನೋಡುತ್ತೇನೆ, ಪಾಪ, ಆತ ಬಗ್ಗಿಕೊಂಡೇ ನಿಂತಿದ್ದ. ನಾನಿನ್ನೂ ಅವನ ಕೈ ಬಿಟ್ಟಿರಲಿಲ್ಲ.